ಹೆಬ್ಬೆರಳಿನ ಗುಳಿ

"ಇಷ್ಟು ದೊಡ್ಡ ಬೇಕರೀಲಿ ಒಬ್ಬನಾದ್ರೂ ಬೆವರ್ತಿಲ್ವಲ್ಲೋ," ಎಂದರು ಅಪ್ಪ, ತಲೆಗೆ ಹಾಕಿಸಿದ್ದ ಬಲೆಟೋಪಿಯನ್ನು ಸರಿಮಾಡಿಕೊಳ್ಳುತ್ತ.

ಮಗ ನಕ್ಕ. ಮನೆಯ ಹಳೆಯ ಒಲೆ ಕೆಡವಿದ ಮೇಲೆ ಅಪ್ಪ ಮಗನ ಕಂಪನಿಯ ಬ್ರೆಡ್ಡನ್ನು ಬಾಯಿಗಿಟ್ಟಿರಲಿಲ್ಲ. ಹೊಸ ಕಾರ್ಖಾನೆಯ ಮೊದಲ ಬ್ರೆಡ್ಡನ್ನಾದರೂ ತಿನ್ನಿಸಬೇಕೆಂದು ಕರೆತಂದಿದ್ದ.

ಮನೆಯ ಮುಂಗೋಣೆಯ ಬೇಕರಿಯಲ್ಲಿ ಅಪ್ಪ ಉಬ್ಬಿದ ಹಿಟ್ಟಿಗೆ ಹೆಬ್ಬೆರಳು ಒತ್ತಿ ಕಾಯುತ್ತಿದ್ದರು. ಗುಳಿ ಥಟ್ಟನೆ ತುಂಬಿಕೊಂಡರೆ ಇನ್ನೂ ಉಬ್ಬಲು ಬಿಡಬೇಕು. ಏಳದೇ ಹೋದರೆ ಹೊತ್ತು ಮೀರಿತು. ಮೆಲ್ಲಗೆ ಅರ್ಧ ಎದ್ದು ನಿಂತರೆ ಹದ. ಬೆಂದ ಮೇಲೂ ಗುಳಿ ಉಳಿಯುತ್ತಿತ್ತು. ಗಿರಾಕಿಗಳು ಗುಳಿಬ್ರೆಡ್ಡು ಎಂದೇ ಕೇಳತೊಡಗಿದರು. ಮಗ ಅದೇ ಹೆಸರನ್ನು ಪೊಟ್ಟಣದ ಮೇಲೆ ಹಾಕಿಸಿದ. ಒಂದು ವ್ಯಾನು ಹತ್ತಾಯಿತು. ಊರು ದಾಟಿ, ಗಡಿ ದಾಟಿ, ಕಡಲಾಚೆಗೂ ಕಾರ್ಖಾನೆಗಳೆದ್ದವು. ಎಲ್ಲ ಕಡೆಯೂ ಉಕ್ಕಿನದೊಂದು ಹೆಬ್ಬೆರಳು ಗುಳಿ ಒತ್ತುತ್ತಿತ್ತು.

ಅಪ್ಪ ಈಗ ಅದರ ಮುಂದೆ ನಿಂತರು.

"ಒತ್ತುತ್ತೆ, ಸರಿ. ನೋಡೋರ್ಯಾರು?"

"ನೋಡೋದೇನಿಲ್ಲಪ್ಪಾ. ಶಾಖ, ಹೊತ್ತು ಎಲ್ಲ ಮೊದಲೇ ಗೊತ್ತು ಮಾಡಿರ್ತೀವಿ."

"ಹಂಗಾದ್ರೆ ಪಾಪ, ಯಾಕೆ ಚುಚ್ಚೋದು?"

ಪಕ್ಕದಲ್ಲಿದ್ದ ಎಂಜಿನಿಯರ್ ಬೇರೆ ಕಡೆ ಮುಖ ತಿರುಗಿಸಿದ. ಮಗ ಸನ್ನೆ ಮಾಡಿ ಬೆಲ್ಟು ನಿಲ್ಲಿಸಿದ. ಯಂತ್ರ ಒತ್ತಿದ್ದ ಮೊದಲ ಮುದ್ದೆಗೇ ಅಪ್ಪ ತಾವೂ ಒತ್ತಿ, ಬಾಗಿ ನೋಡಿದರು.

"ಕಣ್ಣಿಗೆ ಕಾಣಲ್ಲ. ಬೆರಳೂ ಮೊದಲಿನ ಹಂಗಿಲ್ಲ. ನೀನೇ ನೋಡು, ಹದ ಬಂದಿದ್ಯಾ? ನೀನು ಹೇಳಿದ್ರೆ ತಿಂತೀನಿ."

ಮಗ ಅಪ್ಪನ ಗುಳಿಯ ಪಕ್ಕದಲ್ಲಿ ಒತ್ತಿದ. ಗುಳಿ ಕೊಂಚ ಎದ್ದಂತಿತ್ತು. ಅರ್ಧವೋ, ಕಾಲೋ? ಮೆಲ್ಲಗೆ ಎದ್ದಿತೋ, ಬೇಗನೆಯೋ? ಚಿಕ್ಕಂದಿನಲ್ಲಿ ಅಪ್ಪ ಅವನ ಕೈ ಹಿಡಿದು ಒತ್ತಿಸುವಾಗ ಅವನ ಕಣ್ಣೆಲ್ಲ ಬಾಗಿಲಲ್ಲಿ ನೆರೆದ ಗಿರಾಕಿಗಳ ಮೇಲೆ. ಹದದ ಲಕ್ಷಣ ಅವನಿಗೆ ಬಾಯಿಪಾಠವಿತ್ತು; ಪೊಟ್ಟಣದ ಹಿಂಬದಿಯಲ್ಲಿ ಅದನ್ನು ನಾನಾ ಭಾಷೆಗಳಲ್ಲಿ ಅಚ್ಚು ಹಾಕಿಸಿದವನೇ ಅವನು.

"ಬಂದಿದೆ ಅಪ್ಪಾ."

"ಸರಿ ಬಿಡು, ಬೇಯಿಸು."

ಬೆಲ್ಟು ಮತ್ತೆ ಓಡಿ, ಮೂರು ಗುಳಿಯ ಮುದ್ದೆ ಓವನ್ನಿನೊಳಗೆ ಸರಿಯಿತು. ಆಚೆ ತುದಿಯಲ್ಲಿ ಕುರ್ಚಿ ಹಾಕಿಸಿಕೊಂಡು ಅಪ್ಪ ಕಾದರು. ಅದು ಕೆಂಪಗೆ ಬೆಂದು ಹೊರಬಂತು. ಆಕಾರ ತಪ್ಪಿದ್ದನ್ನು ಹಿಡಿಯಲು ಮೇಲಿಟ್ಟಿದ್ದ ಕ್ಯಾಮರಾ ಕೆಂಪು ದೀಪ ಮಿನುಗಿಸಿತು. ಮಗ ಕೈ ಚಾಚುವಷ್ಟರಲ್ಲಿ ಲೋಹದ ತೋಳೊಂದು ಅದನ್ನು ರದ್ದಿ ಪೆಟ್ಟಿಗೆಗೆ ತಳ್ಳಿತು; ಅದು ಕತ್ತರಿಸುವ ಅಲಗುಗಳೊಳಗೆ ಜಾರಿತು.

"ಬಂತಾ?"

"ಬಂತಪ್ಪಾ."

ಅದರ ಹಿಂದೆ ಬಂದ ಬ್ರೆಡ್ಡನ್ನು ಮಗ ಅಪ್ಪನ ಕೈಗಿತ್ತ. ಅಪ್ಪನ ಹೆಬ್ಬೆರಳು ಮೇಲಿನ ಗುಳಿಯಲ್ಲಿ ಒಮ್ಮೆ ಇಳಿದು ಎದ್ದಿತು. ಆಮೇಲೆ ಬಿಸಿ ಹೊರಪದರದ ಮೇಲೆ ಆ ತುದಿಯಿಂದ ಈ ತುದಿಗೆ ಹರಿದಾಡಿತು, ಉಳಿದೆರಡನ್ನು ಹುಡುಕುತ್ತ.