ಅಪ್ಪನ ಗಾಡಿ ಕೆಳಗಿನ ಎಣ್ಣೆ

ನನ್ನ ತಮ್ಮ ಶಶಿಯ ಮೇಲೆ ನನಗೆ ಅನುಮಾನ ಬಂದದ್ದು ಸುಮ್ಮಸುಮ್ಮನೆ ಅಲ್ಲ. ಎನ್.ಆರ್. ಕಾಲೋನಿಯ ನಮ್ಮ ಮನೆಯಲ್ಲಿ ಅವನು ಮೇಲೆ, ನಾನು ಮತ್ತು ನನ್ನ ಮಗಳು ಲಾಸ್ಯಾ ಕೆಳಗೆ. ಅಪ್ಪ ತೀರಿಹೋಗುವ ಮುಂಚೆ ತಾವು ಓಡಿಸುತ್ತಿದ್ದ ಬೈಕಿನ ಕೀ ನನ್ನ ಕೈಗೆ ಕೊಟ್ಟರು. ಅವತ್ತಿನಿಂದ ಶಶಿ ಮಾತು ಬಿಟ್ಟ. ಬಿಡಲಿ, ನನಗೇನು! ನಾನೂ ಬಿಟ್ಟೆ. ಮೆಟ್ಟಿಲಲ್ಲಿ ಎದುರಾದರೆ ಇಬ್ಬರೂ ಗೋಡೆ ನೋಡಿಕೊಂಡು ಹೋಗುತ್ತಿದ್ದೆವು.

ಆ ಬೈಕಿನ ಕೆಳಗೆ ಒಂದು ಬೆಳಿಗ್ಗೆ ಎಣ್ಣೆ ಬಿದ್ದಿತ್ತು. ಗಾಂಧಿ ಬಜಾರಿನ ಹಿಂದಿನ ರಸ್ತೆಯ ಮೆಕ್ಯಾನಿಕ್ ಮುತ್ತುರಾಜ್, ಕೆಳಗಿನ ನಟ್ಟಿನ ವಾಷರ್ ಸವೆದಿದೆ ಎಂದು ಹೊಸದು ಹಾಕಿದ. ನಿಲ್ಲಲಿಲ್ಲ. ಪಕ್ಕದ ಕವರಿನ ಗ್ಯಾಸ್ಕೆಟ್ ಬದಲಿಸಿದ. ಇನ್ನೂ ಜಾಸ್ತಿಯಾಯಿತು! ಮೊದಲು ಅವನ ಮೇಲೆಯೇ ನನಗೆ ಅನುಮಾನ. ಒಂದು ಕಡೆ ಸರಿಮಾಡಿ ಇನ್ನೊಂದು ಕಡೆ ಸಡಿಲ ಮಾಡಿ ಕಳಿಸುತ್ತಿದ್ದಾನೋ ಏನೋ ಎಂದು ಎದುರಿಗೇ ಕೇಳಿಬಿಟ್ಟೆ. ಪಾಪ, ಮನುಷ್ಯ ದೇವರ ಮೇಲೆ ಆಣೆ ಮಾಡಿದ.

ಕೊನೆಗೆ ನಾನೇ ಪತ್ತೆ ಹಚ್ಚಲು ಕೂತೆ. ಎಂಜಿನ್ ಚೆನ್ನಾಗಿ ಒರೆಸಿ, ಲಾಸ್ಯಾಳ ಮುಖದ ಪೌಡರನ್ನು ಮೇಲೆಲ್ಲ ಉದುರಿಸಿದೆ. ಎಣ್ಣೆ ಎಲ್ಲಿಂದ ಬಂದರೂ ಬಿಳಿಯ ಮೇಲೆ ಕರೀ ಗೆರೆ ಬೀಳಬೇಕು. ಮಾರನೆಯ ಬೆಳಿಗ್ಗೆ ನೋಡಿದರೆ ಗೆರೆ ಇತ್ತು, ಜೊತೆಗೆ ಎಣ್ಣೆ ಹಾಕುವ ಮುಚ್ಚಳದ ಸುತ್ತ ಬೆರಳಿನ ಗುರುತುಗಳೂ ಇದ್ದವು. ನನ್ನ ಬೆರಳಲ್ಲ. ಗೇಟಿಗೆ ರಾತ್ರಿ ಬೀಗ. ಒಳಗಿದ್ದವರು ಶಶಿ ಬಿಟ್ಟು ಇನ್ಯಾರು?

ದಿನಾ ಬೆಳಿಗ್ಗೆ ಲಾಸ್ಯಾಳನ್ನು ಹಿಂದೆ ಕೂರಿಸಿಕೊಂಡು ಆ ಟ್ರಾಫಿಕ್ಕಿನಲ್ಲಿ ಸ್ಕೂಲಿಗೆ ಬಿಡುವವಳು ನಾನು. ಎಣ್ಣೆ ಖಾಲಿಯಾಗಿ ಓಡುವಾಗ ಎಂಜಿನ್ ಹಿಡಿದುಕೊಂಡು ಹಿಂದಿನ ಚಕ್ರ ನಿಂತುಬಿಟ್ಟರೆ? ಗಾಡಿ ಸಿಗಲಿಲ್ಲ ಎಂಬ ಹೊಟ್ಟೆಕಿಚ್ಚಿಗೆ ಇಷ್ಟು ಕೆಳಗಿಳಿಯುತ್ತಾನಾ? ಮರುದಿನ ಬೇಗ ಎದ್ದು ಕಾಫಿಗೆ ನೀರು ಕಾಯಲು ಇಟ್ಟು, ಅಡುಗೆಮನೆಯ ಕಿಟಕಿ ಬಿಟ್ಟು ಅಲ್ಲಾಡಲಿಲ್ಲ.

ಬಂದ. ಬರಿಗಾಲಲ್ಲಿ, ಕಳ್ಳನ ಹಾಗೆ, ಕೈಯಲ್ಲೊಂದು ಬಾಟಲಿ. ಮುಚ್ಚಳ ತಿರುಗಿಸಿದ. ನಾನು ಓಡಿದೆ.

"ಏನೋ ಅದು? ಸೀಮೆಎಣ್ಣೆನಾ? ಸಿಟ್ಟಿದ್ರೆ ನನ್ ಮುಖಕ್ಕೆ ಉಗಿಯೋ! ಹಿಂದೆ ನನ್ ಮಗು ಕೂತಿರತ್ತೆ, ಅದನ್ನ ಸಾಯಿಸ್ತೀಯೇನೋ?"

ಬಾಗಿಲಲ್ಲಿ ಲಾಸ್ಯಾ ಬ್ರಷ್ ಬಾಯಲ್ಲಿಟ್ಟುಕೊಂಡು ನಿಂತಿದ್ದಳು. ಶಶಿ ಅವಳನ್ನು ನೋಡಿದ. ಅವನ ಮುಖ ಬಿಳಿಚಿಕೊಂಡಿತು.

"ಒಳ್ಳೆ ಆಯಿಲ್ ಕಣಕ್ಕ," ಎಂದ. "ದಿನಾ ಚೆಲ್ಲಿರತ್ತೆ. ಅಳತೆ ಕಡ್ಡಿ ತೆಗೆದು ನೋಡಿದ್ರೆ ಕೆಳಗಿನ ಗೆರೆಗೂ ಇರಲ್ಲ. ಒಣಗಿ ಎಂಜಿನ್ ಹಿಡ್ಕೊಂಡ್ರೆ? ಪಾಪು ಹಿಂದೆ ಕೂತಿರ್ತಾಳಲ್ಲ."

ನಾನು ನಂಬಲಿಲ್ಲ. ಬಾಟಲಿ ಕಿತ್ತುಕೊಂಡು ಮೂಸಿದೆ, ಎಂಜಿನ್ ಆಯಿಲ್ಲೇ. ಅಳೆಯುವ ಕಡ್ಡಿ ಅದ್ದಿ ನೋಡಿದೆ. ನಿಜ, ತುದಿಯಷ್ಟೇ ಒದ್ದೆ. ಆಗ ಗಾಡಿ ಸೈಡ್ ಸ್ಟ್ಯಾಂಡಿನಲ್ಲಿ ವಾಲಿರುವುದು ಕಣ್ಣಿಗೆ ಬಿತ್ತು. ದಡ್ ಎಂದು ಎತ್ತಿ ಡಬಲ್ ಸ್ಟ್ಯಾಂಡ್ ಹಾಕಿ ಮತ್ತೆ ಅದ್ದಿದೆ. ಎಣ್ಣೆ ಮೇಲಿನ ಗೆರೆಯನ್ನೂ ದಾಟಿ ಎಲ್ಲೋ ಹೋಗಿತ್ತು. ಜಾಗ ಸಾಲದೆ ಸಿಕ್ಕ ಸಿಕ್ಕ ಸಂದಿಯಿಂದ ಹೊರಗೆ ನುಗ್ಗುತ್ತಿತ್ತು, ಇವನು ಸೋರಿದೆಯೆಂದು ಮತ್ತೆ ಸುರಿಯುತ್ತಿದ್ದ.

"ವಾಲಿಸ್ಕೊಂಡು ಅಳೀತಾರೇನೋ ದಡ್ಡ? ಎಣ್ಣೆ ಎಲ್ಲಾ ಆ ಕಡೆ ಸರಿದಿರತ್ತೆ. ಡಬಲ್ ಸ್ಟ್ಯಾಂಡ್ ಹಾಕಿ ನೋಡು ಅಂತ ಅಪ್ಪ ಹೇಳ್ಕೊಟ್ಟಿರ್ಲಿಲ್ವಾ?"

"ಗೊತ್ತು. ಹಾಕಿದ್ರೆ ಸದ್ದಾಗತ್ತೆ," ಎಂದ. "ನೀನು ಎದ್ದು ಬರ್ತೀಯ."

ಅವನೇ ಬಾಣಲೆ ತಂದು, ಹೆಚ್ಚಾದ ಎಣ್ಣೆ ಇಳಿಸಿ, ನಟ್ಟು ಬಿಗಿ ಮಾಡಿ, ನೆಲ ಒರೆಸಿದ. ಕಾಫಿ ಕುಡಿ ಅನ್ನಬೇಕಿತ್ತು. ತಪ್ಪಾಯ್ತು ಅನ್ನಬೇಕಿತ್ತು. ಮಗುವಿನ ಎದುರಿಗೆ ಸಾಯಿಸ್ತೀಯೇನೋ ಅಂದ ನಾಲಿಗೆ ಅಷ್ಟಕ್ಕೆ ಮಾತ್ರ ಹೊರಳಲಿಲ್ಲ. ಅವನು ಮೇಲೆ ಹೋದ.

ಮಾರನೆಯ ಬೆಳಿಗ್ಗೆ ಎದ್ದವಳೇ ಗಾಡಿಯ ಕೆಳಗೆ ಬಗ್ಗಿ ನೋಡಿದೆ. ನೆಲ ಒಣಗಿತ್ತು. ಖುಷಿಯಾಗಬೇಕಿತ್ತು, ಆಗಲಿಲ್ಲ. ಇನ್ನು ಇವನು ಕೆಳಗಿಳಿದು ಬರಲು ಕಾರಣವಾದರೂ ಏನು?

ಮೆಟ್ಟಿಲು ಹತ್ತಿ ಬಾಗಿಲು ಬಡಿದೆ.

"ಗಾಡಿ ಮತ್ತೆ ಸೋರ್ತಿದೆ ಕಣೋ. ಬಂದು ನೋಡು."

ಶಶಿ ನನ್ನ ಮುಖವನ್ನೇ ದಿಟ್ಟಿಸಿದ. "ಸುಳ್ಳು ಹೇಳ್ಬೇಡಕ್ಕ. ಆಗ್ಲೇ ನೋಡ್ಕೊಂಡ್ ಬಂದೆ, ಒಂದ್ ಹನೀನೂ ಇಲ್ಲ," ಎನ್ನುತ್ತಾ ಚಪ್ಪಲಿ ಮೆಟ್ಟಿಕೊಂಡ.