ಚಿಪ್ಪಿನೊಳಗಿನ ಗುಂಡತ್ತೆ

ಗಂಗಲಕ್ಷ್ಮಿಯವರು ಕೈಗೆ ಸಿಕ್ಕಿದ್ದನ್ನೆಲ್ಲ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುತ್ತಾರೆ. ಶಾಂಪೂ ಬಾಟಲಿ, ಮಾತ್ರೆಯ ಡಬ್ಬಿ, ಬೆಂಕಿಪೊಟ್ಟಣ, ಯಾವುದಕ್ಕೂ ವಿನಾಯಿತಿಯಿಲ್ಲ; ನೆಂಟರ ಮನೆಯ ನಾಮಕರಣದಲ್ಲಿ ಬೆಳ್ಳಿಯ ಗಿಲಕಿಯನ್ನೂ ಹೀಗೆಯೇ ಪರೀಕ್ಷಿಸಿ, "ಚೆನ್ನಾಗಿ ಒಣಗೈತೆ" ಎಂದು ತೀರ್ಪು ಕೊಟ್ಟು ಮಗುವಿನ ಕೈಗಿತ್ತ ಮಹಾತಾಯಿ. ಹೊನ್ನವಳ್ಳಿಯ ತವರುಮನೆಯಲ್ಲಿ, ಅಟ್ಟದ ಮೇಲೆ ವರ್ಷವಿಡೀ ಮಲಗಿದ ತೆಂಗಿನಕಾಯಿಗಳ ನೀರು ಬತ್ತಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಲೊಡಲೊಡ ಎಂದಿತೇ ಎಂದು ಆಲಿಸುತ್ತ ಬೆಳೆದ ಕಿವಿ ಅದು. ತಿಪಟೂರಿನಲ್ಲಿ ಬ್ಯೂಟಿ ಪಾರ್ಲರ್ ತೆರೆದು ಕಾಲು ಶತಮಾನವಾಗಿದ್ದರೂ ನಡಿಗೆ ಕೂಡ ಅಟ್ಟದ್ದೇ: ನುಣುಪಾದ ಟಾರು ರಸ್ತೆಯಲ್ಲೂ ಕಾಯಿಗಳ ನಡುವೆ ಜಾಗ ಹುಡುಕುವವರಂತೆ ಪಾದವನ್ನು ಓರೆಮಾಡಿ ಇಡುತ್ತಾರೆ.

ಅವರಿಗೊಂದು ಗುಪ್ತ ವಿದ್ಯೆಯಿತ್ತು. ಗಿರಾಕಿ ಮೆಟ್ಟಿಲಿಳಿದದ್ದೇ ತಡ, ಕನ್ನಡಿಯ ಮುಂದೆ ನಿಂತು ಆಕೆಯ ಮಾತು, ಮುನಿಸು, ಮೂಗೆಳೆತ ಎಲ್ಲವನ್ನೂ ಯಥಾವತ್ತಾಗಿ ಒಪ್ಪಿಸುತ್ತಿದ್ದರು. ಇಷ್ಟು ದೊಡ್ಡ ಪ್ರತಿಭೆಗೆ ಇಷ್ಟು ವರ್ಷ ಆ ಕನ್ನಡಿಯೊಂದೇ ಪ್ರೇಕ್ಷಕವರ್ಗವಾಗಿತ್ತೆಂಬುದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಒಂದು ದಿನ ಮರೆತ ಕೊಡೆಗಾಗಿ ಹಿಂತಿರುಗಿದ ಗಿರಾಕಿಯೊಬ್ಬರು ತಮ್ಮದೇ ದನಿಯನ್ನು ಒಳಗಿನಿಂದ ಕೇಳಿ ಬೆಚ್ಚಿದರು. ಪುಣ್ಯಕ್ಕೆ, ಆಕೆ ಸಿದ್ದಾರ್ಥನ ತಾಯಿ; ಮುನಿಯದೆ, ಮಗನಿಗೆ ಸುದ್ದಿ ಮುಟ್ಟಿಸಿದರು.

ಸಿದ್ದಾರ್ಥ್ ಅನಿಮೇಷನ್ ಕಲಿತು ಬಂದು, ಟೈಲರ್ ಉಮರ್ ಫಾರೂಖರ ಅಂಗಡಿಯ ಮಹಡಿಯಲ್ಲಿ ಸ್ಟುಡಿಯೋ ಹೂಡಿದ್ದ. ಸದ್ದು ಮಾರ್ದನಿಸದಿರಲೆಂದು ಗೋಡೆಗೆಲ್ಲ ಉಮರ್ ಸಾಹೇಬರ ಚೂರು ಬಟ್ಟೆ ಜಡಿದಿದ್ದ. ಅಲ್ಲಿ ತಯಾರಾಗುತ್ತಿದ್ದದ್ದು 'ಅಟ್ಟದ ಸಂಸಾರ' ಎಂಬ ಕಾರ್ಟೂನ್ ಹಾಸ್ಯ ಧಾರಾವಾಹಿ. ಅಟ್ಟದ ಮೇಲಿನ ಕಾಯಿಗಳು ಕೆಳಗಿನ ಮನೆಯವರ ಜಗಳ, ಸರಸ, ಸೀರೆ ಸುದ್ದಿಗಳನ್ನು ಆಡಿಕೊಳ್ಳುವುದೇ ಕತೆ. ಕಾಯಿ ಅಟ್ಟ ಹತ್ತಿದಾಗ ಸೀಸನ್ ಶುರು, ಒಣಗಿ ಇಳಿದಾಗ ಮುಗಿತಾಯ. ಎಲ್ಲರಿಗೂ ಹಿರಿಯಳಾದ, ಎಲ್ಲರ ವಿಷಯಕ್ಕೂ ಮೂಗು ತೂರಿಸುವ ಗುಂಡತ್ತೆಗೆ ಗಂಗಲಕ್ಷ್ಮಿಯ ಕಂಠ. ಬಳೆ ಕಳಚಿ ಸೆರಗಿನಲ್ಲಿ ಗಂಟು ಹಾಕಿ, ಬಾಯಿಗೆ ಅರ್ಧ ಚಿಪ್ಪು ಅಡ್ಡ ಹಿಡಿದು ಮಾತಾಡಿದರೆ, ಆ ದನಿ ನಿಜಕ್ಕೂ ಕಾಯಿಯೊಳಗಿನಿಂದಲೇ ಬಂದಂತಿರುತ್ತಿತ್ತು.

ನಗುವಿಗೆ ಮಾತ್ರ ಕಾಯಿಯನ್ನೇ ಅಲ್ಲಾಡಿಸಬೇಕಿತ್ತು. ತವರಿನ ಅಟ್ಟ ಜಾಲಾಡಿ ಅತ್ಯುತ್ತಮ ಕಾಯಿ ಆರಿಸಿ ತಂದವರು ಗಂಗಲಕ್ಷ್ಮಿಯೇ, ಎಡವಿದ್ದೂ ಅಲ್ಲೇ. ನಮ್ಮ ಕಡೆಯ ಕಿವಿಗೆ ಅತ್ಯುತ್ತಮವೆಂದರೆ ಪೂರ್ತಿ ಒಣಗಿದ್ದು. ಹೀಗಾಗಿ ಕತೆಯಲ್ಲಿ ನಿನ್ನೆಯಷ್ಟೇ ಅಟ್ಟ ಹತ್ತಿದ, ಇನ್ನೂ ಹಸಿಯಾಗಿರಬೇಕಾದ ಗುಂಡತ್ತೆ ಮೊದಲ ಕಂತಿನಲ್ಲೇ ಲೊಡಲೊಡ ನಕ್ಕಳು. ಬೇರೆ ಊರಿನವರಿಗೆ ಏನೂ ತಿಳಿಯಲಿಲ್ಲ. ಕೊಬ್ಬರಿ ಬಲ್ಲ ನಮ್ಮ ಮೂರು ತಾಲ್ಲೂಕಿನವರು ಮಾತ್ರ ಬಿದ್ದು ಬಿದ್ದು ನಕ್ಕರು. ಬಸ್ಸಿನಲ್ಲಿ ಕಂಡರೆ ಸಾಕು, "ಏನಕ್ಕಾ, ಯಾವಾಗ ಇಳಿಯೋದು?" ಎಂದು ಕಾಲೆಳೆಯುವವರು, "ಗುಂಡತ್ತೆ, ಒಂದ್ಸಲ ನಗಿ" ಎಂದು ದುಂಬಾಲು ಬೀಳುವ ಮಕ್ಕಳು. ಗಂಗಲಕ್ಷ್ಮಿಯವರು ಹಿಗ್ಗಿ ಹೀರೇಕಾಯಿಯಾದರು. ಕನ್ನಡಿಗೆ ಕೊನೆಗೂ ಪ್ರತಿಸ್ಪರ್ಧಿಗಳು ಹುಟ್ಟಿಕೊಂಡಿದ್ದರು.

ಕೊನೆಯ ಕಂತಿನ ಹೊತ್ತಿಗೆ ಚಾನೆಲ್‌ನವರ ಕರಾರು ಬಂತು: ಗುಂಡತ್ತೆ ಅಟ್ಟದಲ್ಲೇ ಉಳಿದರೆ ಎರಡನೇ ಸೀಸನ್, ಇಳಿದರೆ ಧಾರಾವಾಹಿಗೇ ಮಂಗಳ. ಸಿದ್ದಾರ್ಥ್ ಗುಂಡತ್ತೆಯನ್ನು ತೆಂಗಿನ ಮಟ್ಟೆಗಳ ಹಿಂದೆ ಬಚ್ಚಿಟ್ಟು ಕಂತು ಬರೆದು ತಂದ. ಗಂಗಲಕ್ಷ್ಮಿಗೂ ಉಳಿಯುವ ಆಸೆ ಬೆಟ್ಟದಷ್ಟಿತ್ತು. ಮತ್ತೆ ಕನ್ನಡಿಯೆದುರು ಒಂಟಿಯಾಗುವುದನ್ನು ನೆನೆದೇ ಎದೆ ಒಣಗಿತ್ತು. ಚಿಪ್ಪು ಹಿಡಿದು, "ನಾನಿನ್ನೂ ಹಸಿ ಕಣ್ರಪ್ಪಾ" ಎಂಬ ಮಾತನ್ನು ಎರಡು ಬಾರಿ ಆರಂಭಿಸಿದರು. ಮುಗಿಸಲಾಗಲಿಲ್ಲ.

"ಮೊದ್ಲಿಂದ್ಲೂ ಲೊಡಲೊಡ ಅಂತ ನಕ್ಕಿದೀನಿ ಕಣಪ್ಪ. ಈಗ ಹಸಿ ಅಂದ್ರೆ ನಮ್ಮ ಜನ ಉಗೀತಾರೆ. ಇಳ್ಸ್‌ಬುಡು ನನ್ನ."

"ಇಳ್ಸಿದ್ರೆ ಸುಲೀಬೇಕು, ಒಡೀಬೇಕು ಗಂಗಕ್ಕ," ಎಂದ ಸಿದ್ದಾರ್ಥ್.

"ಒಡಿ. ಕೊಬ್ಬರಿ ಆಗೋಕೇ ತಾನೆ ಅಟ್ಟ ಹತ್ತಿದ್ದು?"

ಹಾಗೆಯೇ ಆಯಿತು. ಕತ್ತಿಯ ಹಿಂಬದಿಯಿಂದ ಹೊಡೆತ ಬಿದ್ದು, ಚಿಪ್ಪು ಬಿರಿದು, ಒಂದು ಬಿರುಕೂ ಇಲ್ಲದ ಉಂಡೆ ಕೊಬ್ಬರಿ ಅಂಗಳದ ಬಿಸಿಲಿಗೆ ಉರುಳುವ ಚಿತ್ರ ಸ್ಟುಡಿಯೋದ ತೆರೆಯ ಮೇಲೆ ಮೂಡಿದಾಗ, ಗಂಗಲಕ್ಷ್ಮಿಯವರು ಬಾಯಿಗೆ ಅಡ್ಡ ಹಿಡಿದಿದ್ದ ಚಿಪ್ಪನ್ನು ಮೆಲ್ಲಗೆ ಪಕ್ಕಕ್ಕಿಟ್ಟರು. ಬರೆದುಕೊಟ್ಟ ಮಾತೇನೂ ಅಲ್ಲಿರಲಿಲ್ಲ. ಯಾರ ಅನುಕರಣೆಯೂ ಅಲ್ಲದ, ಯಾವ ಮರೆಯೂ ಇಲ್ಲದ ಸ್ವಂತ ದನಿಯಲ್ಲಿ ಅವರು ಹೇಳಿದ್ದಿಷ್ಟೇ: "ಅಯ್ಯೋ, ಹೊರಗೆ ಎಷ್ಟೊಂದು ಬೆಳಕೈತೆ ಕಣ್ರೋ!"

ಆ ಒಂದು ಮಾತನ್ನು ಜನ ಎಷ್ಟು ಹಚ್ಚಿಕೊಂಡರೆಂದರೆ, ಚಾನೆಲ್‌ನವರು ತಮ್ಮ ಕರಾರನ್ನು ತಾವೇ ನುಂಗಿಕೊಂಡು, ಹೊಸ ಕಾಯಿಗಳ ಸೀಸನ್‌ಗೆ ಒಪ್ಪಿದರು. ಮರುದಿನವೇ ಗಂಗಲಕ್ಷ್ಮಿಯವರು ಓರೆ ಹೆಜ್ಜೆಯಿಡುತ್ತ ಮಹಡಿ ಹತ್ತಿ, ಮರದಿಂದ ಆಗಷ್ಟೇ ಇಳಿಸಿದ ಕಾಯೊಂದನ್ನು ಸಿದ್ದಾರ್ಥನ ಕಿವಿಗೆ ಹಿಡಿದು ಅಲ್ಲಾಡಿಸಿದರು. ಒಳಗೆ ನೀರು ಗುಳುಗುಳು ಎಂದಿತು. "ಈ ಸಲ ಸರಿಯಾಗಿ ಆರಿಸಿದೀನಿ ನೋಡ್ಲಾ," ಎಂದರು, ಹದಿನಾರರ ಹುಡುಗಿಯ ದನಿಯಲ್ಲಿ.

ಇರುವ ಜಾಗವನ್ನು ಬಿಗಿಯಾಗಿ ಅಪ್ಪಿಕೊಂಡು, ಇಳಿದರೆ ಇಲ್ಲವಾದೇವೆಂದು ನಡುಗುವವರೇ ಲೋಕದಲ್ಲಿ ಹೆಚ್ಚು. ಹೊತ್ತು ಬಂದಾಗ ತಾವೇ ಕೇಳಿ ಇಳಿಯುವ ಈ ಬಗೆಯವರು ವಿರಳ. ಅವರಿಗೂ ಭಯವಿರುತ್ತದೆ, ಆಸೆಯಂತೂ ನಮಗಿಂತ ತುಸು ಹೆಚ್ಚೇ. ಆದರೆ ಚಿಪ್ಪು ಒಡೆದ ಮೇಲೂ ತಾವು ಇಡಿಯಾಗಿ ಉಳಿದದ್ದನ್ನು ಒಮ್ಮೆ ಕಂಡವರಿಗೆ, ಮತ್ತೆ ಅಟ್ಟ ಹತ್ತುವುದು ಅಂಥ ದೊಡ್ಡ ಸಂಗತಿಯೇನಲ್ಲ.