ಕಾಶವ್ವನ ಲೋಳೆಸರ

ನಾನು ಒಂದು ಲೋಳೆಸರ. ಅಂತಿಂಥ ಲೋಳೆಸರವಲ್ಲ, ರೋಣದ ಬಸ್ ನಿಲ್ದಾಣದ ಎದುರಿಗಿರುವ ದುಂಡವ್ವನ ಖಾನಾವಳಿಯ ಲೋಳೆಸರ! ಬೀಜದಿಂದ ಹುಟ್ಟಿದವನಲ್ಲ, ತಾಯಿಯ ಬುಡದಲ್ಲೇ ಮರಿಯಾಗಿ ಒಡೆದವನು. ಊರಾಚೆಯ ಗೋರಿಗಳ ನಡುವೆ ಬೇರೂರಿದ್ದ ನನ್ನ ತಾಯಿ ಆನೆಯಷ್ಟು ದಪ್ಪಗಿದ್ದಳು. ನಂಬದಿದ್ದರೆ ಬಿಡಿ. ದುಂಡವ್ವನ ಸೊಸೆ ಕಾಶವ್ವ ನನ್ನನ್ನು ಅವಳ ಬುಡದಿಂದ ಕಿತ್ತು ತಂದು, ಹಳೆಯ ಎಣ್ಣೆ ಡಬ್ಬಿಯಲ್ಲಿ ನೆಟ್ಟು, ಅಡುಗೆಮನೆಯ ಹಿಂಬಾಗಿಲಲ್ಲಿ ಇಟ್ಟಳು.

ರೊಟ್ಟಿ ಬಡಿಯುವ ಕೈಗೆ ಹಂಚು ತಗುಲದ ದಿನವಿಲ್ಲ. ಚುರ್ ಎಂದೊಡನೆ ನನ್ನ ಎಲೆ ಸೀಳುತ್ತಿದ್ದರು. ನನ್ನ ಲೋಳೆ ಸೋಕಿದರೆ ಸಾಕು, ಬೊಬ್ಬೆ ಹೆದರಿ ಓಡುತ್ತಿತ್ತು. ತಲೆಗೆ ಹಚ್ಚಿಕೊಂಡ ಮುದುಕಿಯೊಬ್ಬಳ ಜಡೆ ಬಸ್ಸಿನ ಚಕ್ರಕ್ಕೆ ಸಿಕ್ಕುವಷ್ಟು ಬೆಳೆದದ್ದೂ ಉಂಟು. ಜಿಲ್ಲೆಯ ಡಾಕ್ಟರುಗಳೆಲ್ಲ ನನ್ನಿಂದಾಗಿಯೇ ನೊಣ ಹೊಡೆಯುತ್ತ ಕೂತಿದ್ದರು.

ಆದರೆ ಕಾಶವ್ವನ ಮೈ ಕರಗತೊಡಗಿತು. ನನ್ನ ಯಾವ ಎಲೆಯೂ ಅವಳ ಕೆಮ್ಮಿಗೆ ನಾಟಲಿಲ್ಲ. ಹುಬ್ಬಳ್ಳಿಯ ಆಸ್ಪತ್ರೆಗೆ ಸೇರಬೇಕು, ಔಷಧ ಹಾಲಿಗೆ ಇಳಿಯುತ್ತದೆ, ಮಗುವಿಗೆ ಮೊಲೆ ಬಿಡಿಸಿ ಎಂದರು ಡಾಕ್ಟರು. ಮಗಳು ಚಂಬಿ ಮೂರು ತುಂಬುತ್ತ ಬಂದರೂ ಎದೆ ಬಿಟ್ಟಿರಲಿಲ್ಲ.

"ಲೋಳಿಸರದ ಹಳದಿ ರಸ ಹಚ್ಚಬೇ. ಒಮ್ಮಿ ನೆಕ್ಕಿದ್ಲಂದ್ರ ಮತ್ತ ಸನೇಕ ಬರೂದಿಲ್ಲ," ಎಂದಳು ದುಂಡವ್ವ.

"ಎದಿ ಮರತ್ರ ಮರೀಲಿ, ಅತ್ತಿ. ನನ್ನೂ ಮರತಬಿಟ್ರ?"

"ಹುಚ್ಚಿ! ಆರಾಮಾಗಿ ಬಾ. ಆಮ್ಯಾಲೆ ಬೇಕಾದಷ್ಟು ಎತ್ಕೊಂಡು ತಿರಗ."

ಕಾಶವ್ವನೇ ಎಲೆ ಮುರಿದಳು. ಸಿಪ್ಪೆಯಡಿಯ ಹಳದಿ ರಸ ನನ್ನೊಳಗಿನ ಕಡುಕಹಿ. ಅದನ್ನು ಎದೆಗೆ ಸವರಿಕೊಂಡಳು. ಚಂಬಿ ಬಾಯಿ ಇಟ್ಟಳು, ಮುಖ ಕಿವುಚಿದಳು, ಆಮೇಲೆ ತಾಯಿಯ ಮುಖ ನೋಡಿದಳು. ಬೆಂಕಿಯನ್ನೇ ಗೆದ್ದವನು ನಾನು. ಆ ನೋಟಕ್ಕೆ ಹಚ್ಚಲು ನನ್ನಲ್ಲಿ ಏನೂ ಇರಲಿಲ್ಲ.

ಬಸ್ಸು ಹತ್ತಿ ಹೋದ ಕಾಶವ್ವ ಹೆಣವಾಗಿ ಮರಳಿದಳು.

ಚಂಬಿ ರೊಟ್ಟಿ ಬಡಿಯುವಷ್ಟು ದೊಡ್ಡವಳಾದಳು. ತಾಯಿಯ ಮುಖ ಅವಳಿಗೆ ನೆನಪಿಲ್ಲ, ಮನೆಯಲ್ಲಿ ಫೋಟೊ ಕೂಡ ಇಲ್ಲ. ಒಂದು ದಿನ ಬೆರಳು ಸುಟ್ಟುಕೊಂಡಳು. ನನ್ನ ಎಲೆ ಸೀಳಿ ಹಚ್ಚಿಕೊಂಡವಳು, ಉರಿ ತಾಳದೆ ಬೆರಳನ್ನು ಬಾಯಿಗಿಟ್ಟಳು. ಹಾಗೇ ನಿಂತಳು.

"ಅಜ್ಜೀ, ಈ ಕಹಿ ಬಾಯಾಗ ಹೋತು, ಯಾಕೋ ಅವ್ವ ಬಂದಂಗಾತು ನೋಡು."

ದುಂಡವ್ವ ಧಗಧಗ ಉರಿಯುತ್ತಿದ್ದ ಒಲೆಯನ್ನೇ ಊದತೊಡಗಿದಳು. "ಏನ್ ಹೊಗಿನೋ," ಎಂದು ಕಣ್ಣೊರೆಸಿಕೊಂಡಳು.

ಈಗ ದುಂಡವ್ವನೂ ಇಲ್ಲ. ಡಬ್ಬಿ ತುಕ್ಕು ಹಿಡಿದು ತಳ ಕಳಚಿದ ಮೇಲೆ ಚಂಬಿ ನನ್ನನ್ನು ಬುಡಮೇಲಾಗಿ ಖಾನಾವಳಿಯ ಬಾಗಿಲಿಗೆ ಕಟ್ಟಿದ್ದಾಳೆ. ದೃಷ್ಟಿ ತಾಗದಿರಲೆಂದು ಕಟ್ಟಿದ್ದಾಳೆ ಅಂತ ಗಿರಾಕಿಗಳು ತಿಳಿದಿದ್ದಾರೆ. ಯಾರೂ ಇಲ್ಲದಾಗ ಅವಳು ನನ್ನ ಎಲೆಯ ತುದಿ ಚಿವುಟಿ ನಾಲಿಗೆಗೆ ತಾಗಿಸಿಕೊಳ್ಳುತ್ತಾಳೆ.

ಬೇರು ಗಾಳಿಯಲ್ಲಿದೆ. ಇನ್ನೂ ನೂರು ವರ್ಷ ಹೀಗೇ ತೂಗಾಡುತ್ತೇನೆಂದು ಪಕ್ಕದ ನಿಂಬೆಹಣ್ಣಿನ ಮುಂದೆ ಕೊಚ್ಚಿಕೊಳ್ಳುತ್ತೇನೆ. ನಿಮಗಷ್ಟೇ ನಿಜ ಹೇಳುತ್ತೇನೆ, ಉಳಿದಿರುವುದು ಎರಡೇ ಎಲೆ. ಲೋಳೆ ಬತ್ತಿದರೆ ಬತ್ತಲಿ. ಆ ಕಹಿಯನ್ನು ಮಾತ್ರ ಚಂಬಿಗಾಗಿ ಬಿಗಿಹಿಡಿದುಕೊಂಡಿದ್ದೇನೆ.